ಮುಯ್ಯಿ ಇಲ್ಲದ ಅಭಿಮಾನ

2025ರ ಜೂನ್ 3ರ ರಾತ್ರಿ ಅಹ್ಮದಾಬಾದ್‌ನ ಕ್ರೀಡಾಂಗಣದಲ್ಲಿ ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡವು ಪಂಜಾಬ್ ಕಿಂಗ್ಸ್ ತಂಡವನ್ನು 6 ರನ್ನುಗಳಿಂದ ಸೋಲಿಸಿದಾಗ ಕರ್ನಾಟಕದ ಬಹುಪಾಲು ಮನೆಗಳು ಮಲಗಿರಲಿಲ್ಲ. 18 ವರ್ಷಗಳ ಕಾಯುವಿಕೆ ಅಂದು ಮುಗಿದಿತ್ತು. ‘ಈ ಸಲ ಕಪ್ ನಮ್ದೆ’ ಎಂಬ ಘೋಷಣೆ ಗೇಲಿಯ ಮಾತಾಗಿ ಉಳಿದಿದ್ದ ಕಾಲ ಕಳೆದು, ಅದು ನಿಜವೇ ಆಗಿಬಿಟ್ಟಿತ್ತು. ಶಿರಸಿ-ಸಿದ್ದಾಪುರ ರಸ್ತೆಯ ನಡುವೆ ಇರುವ ಕಾನಸೂರಿನಂಥ ಊರಿನ ಹುಡುಗನಿಗೂ ಆ ‘ನಮ್ದೆ’ಯಲ್ಲಿ ಒಂದು ಪಾಲಿತ್ತು. ಬೆಂಗಳೂರನ್ನೇ ನೋಡದವರೂ ಅಂದು ಬೆಂಗಳೂರಿನವರಾಗಿದ್ದರು.

ಮರುದಿನ ಸಂಜೆಯ ಹೊತ್ತಿಗೆ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಬಳಿ 11 ಮಂದಿ ಉಸಿರುಗಟ್ಟಿ, ತುಳಿತಕ್ಕೆ ಸಿಕ್ಕಿ ಮೃತಪಟ್ಟಿದ್ದರು. 50ಕ್ಕೂ ಹೆಚ್ಚು ಮಂದಿ ಗಾಯಗೊಂಡಿದ್ದರು. ಸತ್ತವರಲ್ಲಿ ಹೆಚ್ಚಿನವರು ಹದಿಹರೆಯದವರು ಮತ್ತು ಯುವಕ ಯುವತಿಯರು. ಅವರಲ್ಲಿ ಒಬ್ಬರು ನಮ್ಮ ಸಿದ್ದಾಪುರದ ಹೆಣ್ಣುಮಗಳು. ಟಿ.ವಿ.ಯಲ್ಲಿ ಕಾಣುತ್ತಿದ್ದ ದೂರದ ದುರಂತವು ಹೀಗೆ ಪಕ್ಕದೂರಿನ ಮನೆಯ ಜಗಲಿಗೆ ಬಂದು ಕುಳಿತಿತು. ಆದ್ದರಿಂದ ಇದು ಬೆಂಗಳೂರಿನ ವಿಷಯ, ಕ್ರಿಕೆಟ್ಟಿನ ವಿಷಯ, ಹುಡುಗಾಟಿಕೆಯ ವಿಷಯ ಎಂದು ಪಕ್ಕಕ್ಕೆ ಸರಿಸಿ ಸುಮ್ಮನಾಗುವಂತಿಲ್ಲ.

ಅಷ್ಟಕ್ಕೂ ಆ ಜನಸಾಗರವನ್ನು ಅಲ್ಲಿಗೆ ಕರೆದವರು ಯಾರು? ಊರೂರಿಗೆ ಡಂಗುರ ಸಾರಿದವರಿಲ್ಲ, ಗೋಡೆಗೆ ಪೋಸ್ಟರ್ ಅಂಟಿಸಿದವರೂ ಇಲ್ಲ. ರಾಜ್ಯ ಸರಕಾರವು ಹೈಕೋರ್ಟಿಗೆ ಸಲ್ಲಿಸಿದ ವರದಿಯ ಪ್ರಕಾರ, ಪೊಲೀಸರ ಅನುಮತಿ ಪಡೆಯುವ ಮೊದಲೇ, ಅಂದು ಬೆಳಗ್ಗೆ 7 ಗಂಟೆಯಿಂದಲೇ ತಂಡದ ಸಾಮಾಜಿಕ ಜಾಲತಾಣದ ಖಾತೆಗಳಲ್ಲಿ ವಿಜಯಯಾತ್ರೆಯ ಆಹ್ವಾನ ಪ್ರಕಟವಾಯಿತು. 8 ಗಂಟೆ 55 ನಿಮಿಷಕ್ಕೆ ವಿರಾಟ್ ಕೊಹ್ಲಿಯವರ ವೀಡಿಯೋ ಬಂತು. ಈ ಗೆಲುವನ್ನು ಬೆಂಗಳೂರಿನ ಜನರೊಂದಿಗೆ, ಅಭಿಮಾನಿಗಳೊಂದಿಗೆ ಆಚರಿಸುವ ಇಚ್ಛೆಯನ್ನು ಅವರು ಅದರಲ್ಲಿ ಹೇಳಿಕೊಂಡಿದ್ದರು. ಮಧ್ಯಾಹ್ನ 3 ಗಂಟೆಯ ನಂತರದ ಇನ್ನೊಂದು ಪ್ರಕಟಣೆಯಲ್ಲಿ ಉಚಿತ ಪಾಸ್‌ಗಳ ಪ್ರಸ್ತಾಪವಿತ್ತು. ಸುಮಾರು 35 ಸಾವಿರ ಮಂದಿ ಕೂರಬಹುದಾದ ಕ್ರೀಡಾಂಗಣದ ಸುತ್ತ ಸೇರಿದವರು ಸುಮಾರು 3 ಲಕ್ಷ ಎಂದು ಸರಕಾರವೇ ಹೇಳಿತು.

ದುರಂತದ ಹೊಣೆ ಒಬ್ಬರದಲ್ಲ. ಅದೇ ದಿನ ವಿಧಾನಸೌಧದ ಮೆಟ್ಟಿಲುಗಳ ಮೇಲೆ ಸನ್ಮಾನ ಏರ್ಪಡಿಸಿದ ಸರಕಾರ, ಸಿದ್ಧತೆಯಿಲ್ಲದೆ ಬಾಗಿಲು ತೆರೆಯಲು ಹೊರಟ ಸಂಘಟಕರು, ಜನಸಂದಣಿಯನ್ನು ಅಂದಾಜಿಸಲಾಗದ ವ್ಯವಸ್ಥೆ ಎಲ್ಲರೂ ಉತ್ತರಿಸಬೇಕು. ಸರಕಾರ ನಗರ ಪೊಲೀಸ್ ಆಯುಕ್ತರನ್ನೇ ಅಮಾನತು ಮಾಡಿತು. ಆದರೆ 2025ರ ಜುಲೈ 1ರಂದು ಕೇಂದ್ರ ಆಡಳಿತಾತ್ಮಕ ನ್ಯಾಯಮಂಡಳಿಯು, ಅಷ್ಟು ಜನ ಸೇರಲು ಮೇಲ್ನೋಟಕ್ಕೆ ತಂಡವೇ ಹೊಣೆ ಎಂದಿತು. ಈ ವಾದ-ಪ್ರತಿವಾದಗಳನ್ನು ನ್ಯಾಯಾಲಯಗಳಿಗೆ ಬಿಡೋಣ. ನಾವಿಲ್ಲಿ ಕೇಳಬೇಕಾದದ್ದು ಬೇರೆ ಪ್ರಶ್ನೆ. ಒಂದು ಚಿಕ್ಕ ವೀಡಿಯೋ ನೋಡಿ, ‘ನನ್ನನ್ನು ಕರೆದಿದ್ದಾರೆ, ನಾನು ಹೋಗಲೇಬೇಕು’ ಎಂದು ಲಕ್ಷಾಂತರ ಮಂದಿಗೆ ಅನಿಸುವುದಾದರೂ ಹೇಗೆ?

ಉತ್ತರ ಆ ಒಂದು ದಿನದಲ್ಲಿಲ್ಲ, ಅದರ ಹಿಂದಿನ ವರ್ಷಗಳಲ್ಲಿದೆ. ಕೊಹ್ಲಿ 2008ರಿಂದಲೂ ಒಂದೇ ತಂಡದಲ್ಲಿ ಆಡಿದವರು. 2017ರಲ್ಲಿ ತಮ್ಮ ಮದುವೆಯ ಸುದ್ದಿಯನ್ನು ಅವರು ಜಗತ್ತಿಗೆ ತಿಳಿಸಿದ್ದು ಜಾಲತಾಣದ ಮೂಲಕ. ಮಕ್ಕಳು ಹುಟ್ಟಿದ ಸುದ್ದಿಯನ್ನು ತಿಳಿಸಿದ್ದೂ ಹಾಗೆಯೇ. 2025ರ ಮೇ 12ರಂದು ಟೆಸ್ಟ್ ಕ್ರಿಕೆಟ್ಟಿಗೆ ವಿದಾಯ ಹೇಳಿದ್ದೂ ಇನ್‌ಸ್ಟಾಗ್ರಾಂನ ಒಂದು ಬರಹದಲ್ಲಿ. ಅಲ್ಲಿ ಅವರನ್ನು ಹಿಂಬಾಲಿಸುವವರು 27 ಕೋಟಿಗೂ ಅಧಿಕ. ಹಿಂದೆಲ್ಲ ಮದುವೆಯ ಸುದ್ದಿ, ಮಗು ಹುಟ್ಟಿದ ಸುದ್ದಿ, ಕೆಲಸ ಬಿಟ್ಟ ಸುದ್ದಿ ಮೊದಲು ತಲುಪುತ್ತಿದ್ದುದು ಬಂಧುಗಳಿಗೆ. ಇಂದು ಅದು ಬಂಧುವಿಗೆ ತಲುಪುವ ಹೊತ್ತಿನಲ್ಲೇ ಕಾನಸೂರಿನ ಹುಡುಗನಿಗೂ ತಲುಪುತ್ತದೆ. ಅದೂ ಪತ್ರಿಕೆಯ ವರದಿಯಾಗಿ ಅಲ್ಲ, ಆತನ ಅಂಗೈಯೊಳಗೆ, ತಾರೆಯ ಸ್ವಂತ ಮಾತಿನಲ್ಲಿ. ಅದೇ ಪರದೆಯ ಮೇಲೆ ಸ್ವಲ್ಪ ಹೊತ್ತಿನ ಹಿಂದೆ ಅಕ್ಕನ ಸಂದೇಶ ಬಂದಿತ್ತು, ಸ್ವಲ್ಪ ಹೊತ್ತಿನ ನಂತರ ಗೆಳೆಯನದ್ದು ಬರಲಿದೆ. ನಡುವೆ ಬಂದ ತಾರೆಯೂ ಮನೆಯವನಂತೆಯೇ ಕಂಡರೆ ಅದರಲ್ಲಿ ಅಚ್ಚರಿಯೇನಿದೆ?

1956ರಲ್ಲೇ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ಇಬ್ಬರು ಅಮೆರಿಕನ್ ವಿದ್ವಾಂಸರು ರೇಡಿಯೋ ಮತ್ತು ಟಿ.ವಿ.ಯ ನಿರೂಪಕರನ್ನು ಕುರಿತು ಇಂಥದೇ ವಿಚಾರವನ್ನು ಬರೆದಿದ್ದರು. ಪರದೆಯ ಮೇಲಿನ ವ್ಯಕ್ತಿ ತನ್ನೊಂದಿಗೇ ಮಾತಾಡುತ್ತಿದ್ದಾನೆ ಎಂದು ನೋಡುಗನಿಗೆ ಅನಿಸುತ್ತದೆ, ಆದರೆ ಆ ಸಂಬಂಧ ಹರಿಯುವುದು ಒಂದೇ ದಿಕ್ಕಿಗೆ ಎಂಬುದು ಅವರ ವಿಶ್ಲೇಷಣೆಯಾಗಿತ್ತು. ಅವರ ಕಾಲದ ನಿರೂಪಕ ಕಾರ್ಯಕ್ರಮ ಮುಗಿದೊಡನೆ ಮರೆಯಾಗುತ್ತಿದ್ದ. ನಮ್ಮ ಕಾಲದ ತಾರೆ ಊಟದ ತಟ್ಟೆಯ ಪಕ್ಕದಲ್ಲೂ ಇರುತ್ತಾನೆ, ದಿಂಬಿನ ಪಕ್ಕದಲ್ಲೂ ಇರುತ್ತಾನೆ.

ನಮ್ಮ ಮಲೆನಾಡಿಗೆ ‘ಮುಯ್ಯಿ’ ಎಂಬ ಪದ ಹೊಸತಲ್ಲ. ನಿಮ್ಮ ಗದ್ದೆಯ ನಾಟಿಗೆ ನಾವು ಬಂದರೆ ನಮ್ಮ ಗದ್ದೆಯ ನಾಟಿಗೆ ನೀವು ಬರಬೇಕು. ಅದು ಮುಯ್ಯಾಳು. ಮದುವೆ ಮನೆಯಲ್ಲಿ ಕೊಟ್ಟ ಉಡುಗೊರೆಗೂ ಒಂದಲ್ಲ ಒಂದು ದಿನ ಮುಯ್ಯಿ ತೀರಿಸಬೇಕು. ಇದು ಲೆಕ್ಕಾಚಾರದಂತೆ ಕಂಡರೂ ಬರಿಯ ಲೆಕ್ಕಾಚಾರವಲ್ಲ. ಒಬ್ಬರ ಮೇಲೆ ಇನ್ನೊಬ್ಬರಿಗೆ ಹಕ್ಕಿದೆ, ಒಬ್ಬರ ಕಷ್ಟಕ್ಕೆ ಇನ್ನೊಬ್ಬರು ಬಾಧ್ಯರು ಎಂಬ ತಿಳಿವಳಿಕೆಯೇ ಊರನ್ನು ಊರಾಗಿ ಉಳಿಸಿರುವುದು. ಸಮುದಾಯ ಎಂಬ ಪದಕ್ಕೆ ಇದಕ್ಕಿಂತ ಸರಳವಾದ ಅರ್ಥವಿಲ್ಲ.

ಆ ಅರ್ಥದಲ್ಲಿ ನೋಡಿದರೆ ಅಭಿಮಾನಿ ಬಳಗವೆಂಬುದು ಮುಯ್ಯಿ ಇಲ್ಲದ ಸಮುದಾಯ. ತಾರೆಯ ಮಗುವಿನ ಹೆಸರು ಅಭಿಮಾನಿಗೆ ಗೊತ್ತು, ಅಭಿಮಾನಿಯ ಹೆಸರೇ ತಾರೆಗೆ ಗೊತ್ತಿಲ್ಲ. ತಾರೆಗೆ ಜ್ವರ ಬಂದರೆ ಈತ ಪ್ರಾರ್ಥಿಸುತ್ತಾನೆ, ಈತನ ಮನೆಯಲ್ಲಿ ಸಾವಾದರೆ ಆತನಿಗೆ ಸುದ್ದಿಯೂ ತಲುಪುವುದಿಲ್ಲ. ಇದು ತಾರೆಯ ತಪ್ಪೆಂದು ನಾವು ಹೇಳುತ್ತಿಲ್ಲ. 27 ಕೋಟಿ ಜನರನ್ನು ಯಾರೂ ಗುರುತಿಟ್ಟುಕೊಳ್ಳಲಾರರು. ಆದರೆ ಗುರುತೇ ಇಲ್ಲದ ಕಡೆ ಕುಟುಂಬದ ಭಾಷೆಯನ್ನು ಬಳಸಿದರೆ ಕೇಳಿದವನು ಅದನ್ನು ನಿಜವೆಂದೇ ನಂಬುತ್ತಾನೆ. ಅಪಾಯ ಇರುವುದು ಇಲ್ಲಿ.

ಹಾಗಂತ ಹಿಂದಿನ ಕಾಲವೆಲ್ಲ ಬಂಗಾರವಾಗಿತ್ತು ಎಂದು ಹೇಳುವಂತಿಲ್ಲ. ಡಾ. ರಾಜ್‌ಕುಮಾರ್ ತಮ್ಮ ಪ್ರೇಕ್ಷಕರನ್ನು ‘ಅಭಿಮಾನಿ ದೇವರುಗಳು’ ಎಂದು ಕರೆದವರು. ಅವರ ಅಭಿಮಾನಿ ಸಂಘಗಳಿಗೆ ಊರಿತ್ತು, ವಿಳಾಸವಿತ್ತು, ಪದಾಧಿಕಾರಿಗಳಿದ್ದರು. 1982ರಲ್ಲಿ ಗೋಕಾಕ್ ಚಳವಳಿಗೆ ಅವರು ಧುಮುಕಿದಾಗ ಆ ಅಭಿಮಾನ ಒಂದು ಭಾಷೆಯ ಹಕ್ಕೊತ್ತಾಯವಾಗಿ ಮಾರ್ಪಟ್ಟಿತು. ಆದರೆ 2006ರ ಏಪ್ರಿಲ್ 12ರಂದು ಅವರು ನಿಧನರಾದಾಗ ಅದೇ ಅಭಿಮಾನದ ಹೆಸರಿನಲ್ಲಿ ಬೆಂಗಳೂರು ಹೊತ್ತಿ ಉರಿಯಿತು. ಕರ್ತವ್ಯದಲ್ಲಿದ್ದ ಪೊಲೀಸ್ ಸಿಬ್ಬಂದಿಯೊಬ್ಬರನ್ನು ಗುಂಪು ಹೊಡೆದು ಕೊಂದಿತು. ಆಗ ಸ್ಮಾರ್ಟ್‌ಫೋನ್ ಇಷ್ಟು ಹರಡಿರಲಿಲ್ಲ, ಇನ್‌ಸ್ಟಾಗ್ರಾಂ ಹುಟ್ಟಿರಲೇ ಇಲ್ಲ. ಆದ್ದರಿಂದ ಎಲ್ಲ ಪಾಪವನ್ನೂ ಫೋನಿನ ತಲೆಗೆ ಕಟ್ಟುವುದು ಸುಲಭವೇ ಹೊರತು ಪ್ರಾಮಾಣಿಕವಲ್ಲ.

ಇನ್ನು ನಮ್ಮ ಜಿಲ್ಲೆಯ ಯಕ್ಷಗಾನವನ್ನೇ ನೋಡಿ. 2012ರಲ್ಲಿ ಪದ್ಮಶ್ರೀ ಪಡೆದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ ಇಲ್ಲಿದ್ದ ಅಭಿಮಾನಿಗಳು ಯಾವ ಸಿನಿಮಾ ನಟನ ಅಭಿಮಾನಿಗಳಿಗೂ ಕಡಿಮೆಯವರಲ್ಲ. ಆದರೆ ಮೇಳದ ಕಲಾವಿದ ರಾತ್ರಿ ರಂಗದ ಮೇಲೆ ರಾಜನಾಗಿ ಮೆರೆದು, ಬೆಳಗ್ಗೆ ಬಣ್ಣ ತೊಳೆದು ಅದೇ ರಸ್ತೆಯಲ್ಲಿ ಬಸ್ಸಿಗೆ ಕಾಯುತ್ತಾನೆ. ಆತನ ಅಡಿಕೆಗೂ ಕೊಳೆರೋಗ ಬರುತ್ತದೆ. ಆತ ಯಾರ ಮಗ, ಯಾರ ಅಳಿಯ ಎಂಬುದು ಊರಿಗೆ ಗೊತ್ತು. ಹಾಗಾಗಿ ಮೆಚ್ಚಿದವನಿಗೂ ಮೆಚ್ಚಿಸಿಕೊಂಡವನಿಗೂ ನಡುವೆ ಮುಖದಾಕ್ಷಿಣ್ಯವಿರುತ್ತದೆ. ಆ ದಾಕ್ಷಿಣ್ಯ ಎರಡೂ ಕಡೆಯವರನ್ನು ಹದ್ದುಬಸ್ತಿನಲ್ಲಿ ಇಡುತ್ತದೆ. ಜಾಲತಾಣ ಕಿತ್ತುಕೊಂಡಿರುವುದು ಈ ದಾಕ್ಷಿಣ್ಯವನ್ನು.

ಖ್ಯಾತರು ತಮ್ಮ ಬದುಕನ್ನು ಹಂಚಿಕೊಳ್ಳುವುದರಿಂದ ಒಳಿತೇ ಆಗುವುದಿಲ್ಲವೇ? ಖಂಡಿತ ಆಗುತ್ತದೆ. 2024ರ ಡಿಸೆಂಬರ್‌ನಲ್ಲಿ ನಟ ಶಿವರಾಜ್‌ಕುಮಾರ್ ಅಮೆರಿಕದಲ್ಲಿ ಕ್ಯಾನ್ಸರ್ ಶಸ್ತ್ರಚಿಕಿತ್ಸೆಗೆ ಒಳಗಾದರು. 2025ರ ಜನವರಿ 1ರಂದು ಪತ್ನಿಯೊಂದಿಗೆ ವೀಡಿಯೋದಲ್ಲಿ ಕಾಣಿಸಿಕೊಂಡು, ತಾನು ಕಾಯಿಲೆಯಿಂದ ಮುಕ್ತನಾಗಿರುವುದನ್ನು ತಿಳಿಸಿದರು, ತನಗಿದ್ದ ಭಯವನ್ನೂ ಮುಚ್ಚಿಡಲಿಲ್ಲ. ಕ್ಯಾನ್ಸರ್ ಎಂಬ ಹೆಸರನ್ನೂ ಉಚ್ಚರಿಸದೆ ‘ಆ ಕಾಯಿಲೆ’ ಎಂದು ಪಿಸುಗುಟ್ಟುವ ನಮ್ಮ ಮನೆಗಳಲ್ಲಿ ಆ ವೀಡಿಯೋ ಎಷ್ಟು ರೋಗಿಗಳಿಗೆ ಧೈರ್ಯ ತುಂಬಿರಬಹುದು! ಬೆಂಗಳೂರಿನಲ್ಲಿ ಬೆಳೆದ ದೀಪಿಕಾ ಪಡುಕೋಣೆ 2015ರಲ್ಲಿ ತನ್ನ ಖಿನ್ನತೆಯನ್ನು ಬಹಿರಂಗವಾಗಿ ಹೇಳಿಕೊಂಡರು. ಅದು ಕಣ್ಣೀರಿನ ಸಂದರ್ಶನವಾಗಿ ಮುಗಿದುಹೋಗಲಿಲ್ಲ. ಅವರು ಸ್ಥಾಪಿಸಿದ ಪ್ರತಿಷ್ಠಾನವು ದಾವಣಗೆರೆ ಜಿಲ್ಲೆಯ ಹಳ್ಳಿಗಳ ಮಾನಸಿಕ ರೋಗಿಗಳ ಚಿಕಿತ್ಸೆಗೆ ನೆರವಾಯಿತು. 2021ರ ಅಕ್ಟೋಬರ್ 29ರಂದು ಅಗಲಿದ ಪುನೀತ್ ರಾಜ್‌ಕುಮಾರ್ ಅವರ ಕಣ್ಣುಗಳು ನಾಲ್ವರಿಗೆ ಬೆಳಕು ಕೊಟ್ಟವು. ತಂದೆ ರಾಜ್‌ಕುಮಾರ್, ತಾಯಿ ಪಾರ್ವತಮ್ಮನವರ ಕಣ್ಣುಗಳೂ ಹಿಂದೆ ದಾನವಾಗಿದ್ದವು. ಪುನೀತ್ ನಿಧನದ ನಂತರ ರಾಜ್ಯದಾದ್ಯಂತ ಜನರು ನೇತ್ರದಾನಕ್ಕೆ ಹೆಸರು ನೋಂದಾಯಿಸಲು ಮುಂದಾದರು.

ಈ ಮೂರು ಪ್ರಸಂಗಗಳಲ್ಲಿ ಒಂದು ಸಾಮ್ಯವಿದೆ. ಇಲ್ಲಿ ಅಭಿಮಾನವು ತಾರೆಯ ಪಾದದ ಬಳಿ ನಿಂತುಬಿಡಲಿಲ್ಲ. ತಾರೆಯನ್ನು ದಾಟಿ, ಹೆಸರೇ ಗೊತ್ತಿಲ್ಲದ ರೋಗಿಯ ಬಳಿಗೆ, ಕಣ್ಣಿಲ್ಲದವನ ಬಳಿಗೆ ಹೋಯಿತು. ತಾರೆಗೆ ತೀರಿಸಲಾಗದ ಮುಯ್ಯಿಯನ್ನು ಅಭಿಮಾನಿಯು ನೆರೆಯವನಿಗೆ ತೀರಿಸಿದ.

ದಾರಿ ತಪ್ಪಿದಾಗ ಏನಾಗುತ್ತದೆ ಎಂಬುದನ್ನೂ ಈ ರಾಜ್ಯ ಕಂಡಿದೆ. 2024ರ ಜನವರಿಯಲ್ಲಿ ನಟಿಯೊಬ್ಬರು ನಟ ದರ್ಶನ್ ಅವರೊಂದಿಗಿನ ತಮ್ಮ ಹತ್ತು ವರ್ಷಗಳ ಸಂಬಂಧದ ಬಗ್ಗೆ ಇನ್‌ಸ್ಟಾಗ್ರಾಂನಲ್ಲಿ ಬರೆದರು. ನಟನ ಪತ್ನಿ ಅಲ್ಲಿಯೇ ಉತ್ತರಿಸಿದರು. ಒಂದು ಮನೆಯೊಳಗೆ ಬಗೆಹರಿಯಬೇಕಿದ್ದ ಮಾತು ಬೀದಿಗೆ ಬಂತು. ಅಭಿಮಾನಿಗಳು ಆ ಜಗಳವನ್ನು ತಮ್ಮ ಮನೆಯ ಜಗಳವೆಂದೇ ತಿಳಿದರು. ಅದೇ ವರ್ಷದ ಜೂನ್ 9ರಂದು ಬೆಂಗಳೂರಿನ ಮೋರಿಯೊಂದರ ಬಳಿ ಚಿತ್ರದುರ್ಗದ ಯುವಕನೊಬ್ಬನ ಶವ ಸಿಕ್ಕಿತು. ಆತ ಆ ನಟಿಗೆ ಅಶ್ಲೀಲ ಸಂದೇಶ ಕಳಿಸಿದ್ದ, ಅದಕ್ಕಾಗಿ ಅಪಹರಿಸಿ ಕೊಲ್ಲಲಾಯಿತು ಎಂಬುದು ಪೊಲೀಸರ ಆರೋಪ. ಜೂನ್ 11ರಂದು ದರ್ಶನ್ ಅವರ ಬಂಧನವಾಯಿತು. ಆರೋಪಿಗಳಲ್ಲಿ ಅವರ ಅಭಿಮಾನಿ ಸಂಘದವರೂ ಇದ್ದರು. 2025ರ ಆಗಸ್ಟ್ 14ರಂದು ಸುಪ್ರೀಂ ಕೋರ್ಟ್ ಜಾಮೀನು ರದ್ದುಗೊಳಿಸಿತು. ಅದೇ ವರ್ಷದ ನವೆಂಬರ್‌ನಲ್ಲಿ ದೋಷಾರೋಪ ನಿಗದಿಯಾದಾಗ ಆರೋಪಿಗಳು ಅದನ್ನು ನಿರಾಕರಿಸಿದರು. ತಪ್ಪು ಯಾರದೆಂದು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ, ನಮ್ಮದಲ್ಲ. ಅಶ್ಲೀಲ ಸಂದೇಶವನ್ನು ಯಾರೂ ಸಮರ್ಥಿಸಲಾರರು. ಆದರೆ ಅದಕ್ಕೆ ಕಾನೂನಿದೆ, ಠಾಣೆಯಿದೆ.

ವಿಷಯ ಅಲ್ಲಿಗೂ ನಿಲ್ಲಲಿಲ್ಲ. 2025ರ ಜುಲೈಯಲ್ಲಿ ಇದೇ ಪ್ರಕರಣದ ಕುರಿತು ನಟಿ ಮತ್ತು ಮಾಜಿ ಸಂಸದೆ ರಮ್ಯಾ ತಮ್ಮ ಅಭಿಪ್ರಾಯ ಹಂಚಿಕೊಂಡಾಗ, ನಟನ ಅಭಿಮಾನಿಗಳೆಂದು ಹೇಳಿಕೊಂಡವರು ಅವರ ಮೇಲೆ ಅಸಭ್ಯ ಸಂದೇಶಗಳ ಸುರಿಮಳೆಗೈದರು. 43 ಖಾತೆಗಳ ವಿರುದ್ಧ ಅವರು ಪೊಲೀಸರಿಗೆ ದೂರು ಕೊಡಬೇಕಾಯಿತು, ಹಲವರ ಬಂಧನವೂ ಆಯಿತು. ಒಬ್ಬ ಹೆಣ್ಣಿಗೆ ಅಶ್ಲೀಲ ಸಂದೇಶ ಕಳಿಸಿದನೆಂಬ ಕಾರಣಕ್ಕೆ ಒಂದು ಜೀವ ಹೋಯಿತೆಂಬ ಆರೋಪವಿರುವ ಪ್ರಕರಣದಲ್ಲಿ, ಇನ್ನೊಬ್ಬ ಹೆಣ್ಣಿಗೆ ಅದಕ್ಕಿಂತಲೂ ಕೀಳಾದ ಸಂದೇಶ ಕಳಿಸುವುದು ನಿಷ್ಠೆಯಾಗುವುದು ಹೇಗೆ? ಮನೆಯವನಂತೆ ಹೋರಾಡುವ ಹಕ್ಕು ಬೇಕು, ಮನೆಯವನ ಹೊಣೆ ಬೇಡ ಎಂಬ ಸ್ಥಿತಿಗೆ ಇದು ಸಾಕ್ಷಿ.

ಇಷ್ಟು ಹೇಳಿದ ಮೇಲೆ ಕನ್ನಡಿಯನ್ನು ನಮ್ಮ ಕಡೆಗೂ ತಿರುಗಿಸಬೇಕು. 2016ರ ಡಿಸೆಂಬರ್‌ನಲ್ಲಿ ಕ್ರಿಕೆಟಿಗ ಮುಹಮ್ಮದ್ ಶಮಿ ತನ್ನ ಕುಟುಂಬದ ಒಂದು ಚಿತ್ರವನ್ನು ಫೇಸ್‌ಬುಕ್‌ನಲ್ಲಿ ಹಾಕಿದಾಗ, ಅವರ ಪತ್ನಿಯ ಉಡುಪನ್ನು ಎತ್ತಿಕೊಂಡು ಅಲ್ಲಿ ಉಪದೇಶ, ಬೈಗುಳಗಳ ಮಳೆ ಸುರಿಸಿದವರು ಯಾರು? ನಮ್ಮವರೇ. 2021ರ ಅಕ್ಟೋಬರ್ 24ರಂದು ದುಬೈಯಲ್ಲಿ ಭಾರತವು ಪಾಕಿಸ್ತಾನಕ್ಕೆ ಸೋತಾಗ ಅದೇ ಶಮಿಯನ್ನು ಧರ್ಮದ ಹೆಸರಿನಲ್ಲಿ ನಿಂದಿಸಿದವರು ಬೇರೆಯವರು. ಶಮಿಯ ಪರವಾಗಿ ಆಗಿನ ನಾಯಕ ಕೊಹ್ಲಿ ಬಹಿರಂಗವಾಗಿ ಮಾತಾಡಿದ್ದಕ್ಕೆ ಅವರ ಹಸುಗೂಸಿನ ಮೇಲೂ ಬೆದರಿಕೆ ಬಂತು. ಎರಡನೆಯ ಗುಂಪನ್ನು ನಾವು ಸರಿಯಾಗಿಯೇ ಖಂಡಿಸಿದೆವು. ಮೊದಲನೆಯದನ್ನು ಅಷ್ಟೇ ಗಟ್ಟಿಯಾಗಿ ಖಂಡಿಸಿದೆವೇ? 2025ರ ಮಾರ್ಚ್‌ನಲ್ಲಿ ರಂಝಾನಿನ ಹಗಲು ಪಂದ್ಯದ ನಡುವೆ ಅವರು ಪಾನೀಯ ಕುಡಿದದ್ದನ್ನು ಬರೇಲಿಯ ಮೌಲಾನಾ ಒಬ್ಬರು ಪಾಪವೆಂದು ಘೋಷಿಸಿದರು. ಪ್ರಯಾಣಿಕನಿಗೆ ಉಪವಾಸದಲ್ಲಿ ವಿನಾಯಿತಿ ಇದೆ ಎಂಬುದು ಮದ್ರಸಾದ ಮಗುವಿಗೂ ಗೊತ್ತಿರುವ ಪಾಠ.

‘ಆತ ನಮ್ಮವನು’ ಎಂಬ ಭಾವ ಎಷ್ಟು ಬೇಗ ‘ಆತ ನಮ್ಮ ಸೊತ್ತು’ ಎಂಬ ಅಹಂಕಾರವಾಗುತ್ತದೆ! ಖ್ಯಾತರ ವಿಷಯ ಬಿಡಿ, ಇಂದು ಧಾರ್ಮಿಕ ಭಾಷಣಕಾರರಿಗೂ ಅಭಿಮಾನಿ ಬಳಗಗಳಿವೆ. ಒಬ್ಬರ ಬಳಗದವರು ಇನ್ನೊಬ್ಬರನ್ನು ಬೈಯುವ ಭಾಷೆಯನ್ನು ಓದಿದರೆ ಸಿನಿಮಾ ಅಭಿಮಾನಿಗಳೇ ಮೇಲು ಎನಿಸುತ್ತದೆ. ರೋಗಿಯನ್ನು ಸಂದರ್ಶಿಸುವುದು, ಜನಾಝಕ್ಕೆ ಹೆಗಲು ಕೊಡುವುದು, ಕರೆದಲ್ಲಿಗೆ ಹೋಗುವುದು ಒಬ್ಬರ ಮೇಲೆ ಇನ್ನೊಬ್ಬರಿಗಿರುವ ಹಕ್ಕುಗಳೆಂದು ಕಲಿತವರು ನಾವು. ಇವುಗಳಲ್ಲಿ ಯಾವುದನ್ನು ಬೆರಳ ತುದಿಯಿಂದ ಮಾಡಿ ಮುಗಿಸಬಹುದು?

ಇನ್ನೊಮ್ಮೆ ಜೂನ್ 4ಕ್ಕೆ ಮರಳೋಣ. ಅಂದು ಕೊಹ್ಲಿ ತಮ್ಮ ದುಃಖವನ್ನು ಜಾಲತಾಣದಲ್ಲಿ ಬರೆದರು. ಅದು ಪ್ರಾಮಾಣಿಕವಲ್ಲ ಎನ್ನಲು ನಮಗೆ ಕಾರಣವಿಲ್ಲ. ಮರುದಿನ ತಂಡ ಪರಿಹಾರ ಘೋಷಿಸಿತು. ಆನಂತರ ಬೆಳಗ್ಗೆ 7 ಗಂಟೆಯಿಂದ ಎಡೆಬಿಡದೆ ಕರೆಯುತ್ತಿದ್ದ ಆ ಖಾತೆ ಸುಮಾರು ಮೂರು ತಿಂಗಳು ಮೌನವಾಯಿತು. ಆಗಸ್ಟ್ 28ರಂದು ಮೌನ ಮುರಿದು, ಅದು ಶೋಕದ ಮೌನವಾಗಿತ್ತೆಂದು ತಂಡ ಹೇಳಿಕೊಂಡಿತು. ಎರಡು ದಿನಗಳ ಬಳಿಕ ಮೃತರ ಕುಟುಂಬಗಳಿಗೆ ತಲಾ 25 ಲಕ್ಷ ರೂಪಾಯಿ ಪ್ರಕಟಿಸಿತು. ಹಣ ಬೇಕು, ಅದು ನ್ಯಾಯದ ಒಂದು ಭಾಗ. ಆದರೆ ಶವದ ಪೆಟ್ಟಿಗೆಗೆ ಹೆಗಲು ಕೊಟ್ಟವರು ಯಾರು? ಆ ಮನೆಗಳಲ್ಲಿ ಒಲೆ ಹೊತ್ತದ ದಿನ ಗಂಜಿ ತಂದವರು ಯಾರು? ಬಂಧುಗಳು ಮತ್ತು ನೆರೆಹೊರೆಯವರು. ‘ನಮ್ದೆ’ ಎಂದು ಕೂಗಿದ ಮೂರು ಲಕ್ಷ ಮಂದಿ ಅಂದು ರಾತ್ರಿಯೇ ಚದುರಿ ಹೋಗಿದ್ದರು, ಯಾಕೆಂದರೆ ಅವರನ್ನು ಪರಸ್ಪರ ಬೆಸೆಯುವ ಯಾವ ಬಂಧವೂ ಅಲ್ಲಿರಲಿಲ್ಲ. ಪ್ರತಿಯೊಬ್ಬನೂ ತಾರೆಯೊಂದಿಗೆ ಮಾತ್ರ ಬೆಸೆದುಕೊಂಡಿದ್ದ, ಪಕ್ಕದಲ್ಲಿ ನಿಂತು ಉಸಿರಿಗಾಗಿ ಪರದಾಡುತ್ತಿದ್ದವನೊಂದಿಗೆ ಅಲ್ಲ.

2024ರ ಆರಂಭದಲ್ಲಿ ಸಿದ್ದಾಪುರ ತಾಲೂಕಿನಲ್ಲಿ ಮಂಗನ ಕಾಯಿಲೆ ಹರಡಿದಾಗ ನಮ್ಮ ಮನೆಗಳಿಗೆ ನಡೆದು ಬಂದವರು ಆಶಾ ಕಾರ್ಯಕರ್ತೆಯರು. ಉಣುಗು ಕಚ್ಚದಂತೆ ಮೈಗೆ ಹಚ್ಚುವ ಎಣ್ಣೆ ಕೊಟ್ಟು, ಜ್ವರ ಬಂದವರ ಲೆಕ್ಕ ಬರೆದುಕೊಂಡು, ಕಾಡಿಗೆ ಹೋಗಬೇಡಿ ಎಂದು ಎಚ್ಚರಿಸಿದವರು ಅವರು. ಅವರಿಗೆ ಹಿಂಬಾಲಕರಿಲ್ಲ. ಅವರ ಹುಟ್ಟುಹಬ್ಬಕ್ಕೆ ಯಾರೂ ಫ್ಲೆಕ್ಸ್ ಕಟ್ಟುವುದಿಲ್ಲ. ಫ್ಲೆಕ್ಸ್ ಎಂದಾಗ ನೆನಪಾಗಬೇಕು, 2024ರ ಜನವರಿ 8ರಂದು ಗದಗ ಜಿಲ್ಲೆಯ ಸೊರಣಗಿಯಲ್ಲಿ ನಟ ಯಶ್ ಅವರ ಹುಟ್ಟುಹಬ್ಬದ ಕಟೌಟ್ ನಿಲ್ಲಿಸಲು ಹೋಗಿ ಮೂವರು ಯುವಕರು ವಿದ್ಯುತ್ ತಗುಲಿ ಪ್ರಾಣ ಬಿಟ್ಟರು. ಯಶ್ ಆ ಊರಿಗೆ ಹೋಗಿ ಕುಟುಂಬಗಳನ್ನು ಕಂಡರು. ಮುಂದಿನ ಹುಟ್ಟುಹಬ್ಬಕ್ಕೆ ಮೊದಲೇ, 2024ರ ಡಿಸೆಂಬರ್‌ನಲ್ಲಿ, ಇಂಥ ಆಚರಣೆ ಬೇಡ, ನಿಮ್ಮ ಸುರಕ್ಷತೆ ಮುಖ್ಯ ಎಂಬ ಅರ್ಥದ ಪತ್ರವನ್ನು ಅಭಿಮಾನಿಗಳಿಗೆ ಬರೆದರು. ಕರೆಯುವ ಶಕ್ತಿ ಇರುವವನಿಗೆ ಬೇಡವೆನ್ನುವ ಹೊಣೆಯೂ ಇದೆ ಎಂಬುದನ್ನು ಆ ಪತ್ರ ಒಪ್ಪಿಕೊಂಡಿತು. ಉಳಿದವರಿಗೂ ಅದು ಮಾದರಿಯಾಗಲಿ.

ಇನ್ನುಳಿದದ್ದು ನಮ್ಮ ಕೆಲಸ. ಹದಿನೆಂಟರ ಹುಡುಗ ರಾತ್ರಿ ಎರಡು ಗಂಟೆಯವರೆಗೆ ಫೋನ್ ಹಿಡಿದಿರುತ್ತಾನೆ ಎಂದು ಗೊಣಗುವ ಮುನ್ನ, ಹಗಲಿನಲ್ಲಿ ಆತನಿಗೆ ಊರಿನಲ್ಲಿ ಯಾವ ಜಾಗ ಕೊಟ್ಟಿದ್ದೇವೆ ಎಂದು ಕೇಳಿಕೊಳ್ಳಬೇಕು. ಮಸೀದಿಯ ಜಮಾಅತ್‌ನ ಸಭೆಯಲ್ಲಿ, ಸಹಕಾರಿ ಸಂಘದ ಸಭೆಯಲ್ಲಿ, ಜಾತ್ರೆಯ ಸಮಿತಿಯಲ್ಲಿ ಆತನ ಮಾತಿಗೆ ಬೆಲೆಯಿದೆಯೇ? ಕುರ್ಚಿ ಜೋಡಿಸಲು ಮಾತ್ರ ಆತ ಬೇಕೇ? ಹೆಣ್ಣುಮಕ್ಕಳಿಗಂತೂ ಆ ಕುರ್ಚಿ ಜೋಡಿಸುವ ಅವಕಾಶವೂ ಇಲ್ಲ. ತನ್ನ ಹೆಸರು ಹಿಡಿದು ಕರೆಯುವವರು ಮನೆಯಲ್ಲೂ ಬೀದಿಯಲ್ಲೂ ಇಲ್ಲದಾದಾಗಲೇ, ಹೆಸರು ಗೊತ್ತಿಲ್ಲದವನ ಕರೆ ಅಷ್ಟು ಇಂಪಾಗಿ ಕೇಳಿಸುವುದು.

ಅಭಿಮಾನ ಇರಲಿ. ಒಳ್ಳೆಯ ಆಟವನ್ನು, ಒಳ್ಳೆಯ ಅಭಿನಯವನ್ನು ಮೆಚ್ಚುವುದು ಆರೋಗ್ಯವಂತ ಮನಸ್ಸಿನ ಲಕ್ಷಣ. ಆದರೆ ಮುಂದಿನ ಸಲ ಯಾವುದೇ ತಾರೆ ಪರದೆಯ ಮೇಲಿನಿಂದ ‘ನಾವು’ ಎಂದಾಗ, ಆ ‘ನಾವು’ ಎಂಬುದರಲ್ಲಿ ನನ್ನ ಕಷ್ಟಕ್ಕೆ ಬರುವವರು ಯಾರಿದ್ದಾರೆ ಎಂದು ನಮ್ಮ ಮಕ್ಕಳು ಒಂದು ಕ್ಷಣ ಯೋಚಿಸುವಂತಾಗಲಿ. ಉತ್ತರ ಸಿಗದಿದ್ದರೆ ಫೋನ್ ಕೆಳಗಿಟ್ಟು ಪಕ್ಕದ ಮನೆಯ ಬಾಗಿಲು ತಟ್ಟಲಿ. ಅಲ್ಲಿ ತೀರಿಸಬೇಕಾದ ಮುಯ್ಯಿ ಬಹಳಷ್ಟು ಬಾಕಿ ಇದೆ.